ಗುರುವಿಗೆ ಸಲ್ಲತಕ್ಕ ಮರ್ಯಾದೆ

ಕರ್ನಾಟಕದ ಸರ್ಕಾರಿ ಪ್ರಾಥಮಿಕ ಶಾಲೆಗಳ ಉಪಾಧ್ಯಾಯರು 60 ವರ್ಷ ತುಂಬಿದ ತಿಂಗಳ ಕೊನೆಯ ದಿವಸ ನಿವೃತ್ತರಾಗುತ್ತಾರೆ. ಆಗ ಊರವರು ಒಟ್ಟುಗೂಡಿ ಶಾಲು ಹೊದಿಸಿ, ಹಾರ ಹಾಕಿ, ಫಲತಾಂಬೂಲವನ್ನಿತ್ತು ಬೀಳ್ಕೊಡುವ ಪದ್ಧತಿಯು ಸ್ತುತ್ಯವಾದುದು. ತಂದೆಗೂ ಮಗನಿಗೂ ಒಬ್ಬರೇ ಅಕ್ಷರ ತಿದ್ದಿಸಿದ ಊರುಗಳು ನಮ್ಮಲ್ಲಿ ಅಪೂರ್ವವಲ್ಲ. ಅಂಥವರ ಋಣವು ಹಾರತುರಾಯಿಗಳಿಂದ ತೀರುವುದೆ?

ಗೋಪಾಲ ಕೃಷ್ಣ ಗೋಖಲೆಯವರು 1911ರಲ್ಲಿ ಮಂಡಿಸಿದ ಪ್ರಾಥಮಿಕ ಶಿಕ್ಷಣದ ಮಸೂದೆಯು ಪರಕೀಯರ ಆಳಿಕೆಯಲ್ಲಿ ಬಿದ್ದುಹೋಯಿತು. 2009ರಲ್ಲಿ ನಮ್ಮ ಪಾರ್ಲಿಮೆಂಟೇ ಶಿಕ್ಷಣವನ್ನು ಮಕ್ಕಳ ಹಕ್ಕೆಂದು ಶಾಸನ ಮಾಡಿತು. ಮಂಜೂರಾದ ಉಪಾಧ್ಯಾಯರ ಹುದ್ದೆಗಳಲ್ಲಿ ನೂರಕ್ಕೆ 10ಕ್ಕಿಂತ ಹೆಚ್ಚು ಖಾಲಿ ಇರಕೂಡದೆಂದು ಅದರ 26ನೆಯ ಕಲಮು ವಿಧಿಸುತ್ತದೆ. ಜನಗಣತಿ, ಚುನಾವಣೆ, ವಿಪತ್ತಿನ ಪರಿಹಾರ ಇವುಗಳ ಹೊರತು ಪಾಠವಲ್ಲದ ಅನ್ಯ ಕೆಲಸಗಳಿಗೆ ಅವರನ್ನು ನೇಮಿಸಕೂಡದೆಂಬುದು 27ನೆಯ ಕಲಮು.

ಆದುದರಿಂದ ಬೀಳ್ಕೊಡುಗೆಯ ಸಭೆಯಲ್ಲಿ ಭಾಷಣ ಮಾಡತಕ್ಕ ಮುಖಂಡರಲ್ಲಿ ನಮ್ಮ ಬಿನ್ನಹವಿಷ್ಟೆ: ಹಿರಿಯರು ತೆರವು ಮಾಡಿದ ಸ್ಥಾನಕ್ಕೆ ಹೊಸ ಉಪಾಧ್ಯಾಯರು ಎಂದು ಬರುವರೆಂಬುದನ್ನು ಅದೇ ವೇದಿಕೆಯಿಂದ ಊರವರಿಗೆ ತಿಳಿಸಲಿ. ಮರುದಿವಸ ಮಕ್ಕಳಿಗೆ ಕಲಿಸುವವರೇ ಇಲ್ಲದಿದ್ದರೆ, ಹಿಂದಿನ ದಿವಸ ಹೊದಿಸಿದ ಶಾಲು ಗುರುವಿಗೆ ಗೌರವವಾಗಲಾರದು.