ಗುಡ್ಡದ ಮಗ್ಗುಲಿನ ಊರು: ಮಾಳಿಣ ಮತ್ತು ನೆರೆಯ ವಾಡಿಗಳು

ಪುಣೆ ಜಿಲ್ಲೆಯ ಅಂಬೇಗಾಂವ ತಾಲ್ಲೂಕಿನ ಪಶ್ಚಿಮ ಭಾಗವು ಸಹ್ಯಾದ್ರಿಯ ಮಡಿಲಲ್ಲಿದೆ. ಘೋಡ ನದಿಯ ಡಿಂಭೆ ಜಲಾಶಯ ಇರುವುದು ಇಲ್ಲಿಯೇ. ನಿವಾಸಿಗಳಲ್ಲಿ ಬಹುಪಾಲು ಜನರು ಮಹಾದೇವ ಕೋಳಿ ಬುಡಕಟ್ಟಿಗೆ ಸೇರಿದವರು. ಮಳೆಯಾಶ್ರಿತ ಭತ್ತವೇ ಮುಖ್ಯ ಬೆಳೆ. ಸಮತಟ್ಟಾದ ನೆಲ ವಿರಳವಾದುದರಿಂದ ಊರುಗಳು ಒಂದೆಡೆ ಬೆಳೆಯದೆ, ಕೆಲವೇ ಮನೆಗಳ ವಾಡಿಗಳಾಗಿ ಚದುರಿರುತ್ತವೆ. ಕರ್ನಾಟಕದ ಕಂದಾಯ ದಾಖಲೆಗಳಲ್ಲಿ ಮಜರೆ ಎನ್ನುವುದು ಇಂಥವನ್ನೇ.

ಮಾಳಿಣವೂ ಹೀಗೆ ಒಂದು ಗ್ರಾಮಠಾಣಾ ಮತ್ತು ಅದರ ಸುತ್ತಲಿನ ವಾಡಿಗಳಿಂದ ಕೂಡಿದ ಗ್ರಾಮ. 2014ರ ಜುಲೈ 30ರ ಬೆಳಿಗ್ಗೆ, ಎಡೆಬಿಡದ ಮಳೆಯ ನಡುವೆ, ಮೇಲಿನ ಗುಡ್ಡವು ಗ್ರಾಮಠಾಣಾದ ಮೇಲೆ ಕುಸಿಯಿತು. 151 ಮಂದಿ ಅಸುನೀಗಿದರು. ದೂರದ ವಾಡಿಗಳು ಪಾರಾದವು. ಆ ಮಾರ್ಗದ ಸಾರಿಗೆ ಬಸ್ಸಿನ ಚಾಲಕನು ಊರಿದ್ದೆಡೆ ಮಣ್ಣಿನ ರಾಶಿಯನ್ನು ಕಂಡು ತಿಳಿಸಿದ ಬಳಿಕವೇ ಸುದ್ದಿ ಹೊರಗೆ ತಲುಪಿತು.

ಶಿಥಿಲವಾದ ಕಲ್ಲಿನ ಮೇಲಿನ ಮಣ್ಣು ನೀರುಂಡು ಭಾರವಾಗಿ ಹಿಡಿತ ಕಳೆದುಕೊಂಡಾಗ ಗುಡ್ಡ ಜಾರುತ್ತದೆ. ಮರಗಳ ನಾಶ ಹಾಗೂ ಗದ್ದೆಗಾಗಿ ಇಳಿಜಾರನ್ನು ಕಡಿದು ಮಟ್ಟಸಗೊಳಿಸಿದ್ದು ಇದಕ್ಕೆ ನೆರವಾದವೆಂದು ತಜ್ಞರು ಹೇಳಿದ್ದಾರೆ. ಆದರೆ ಬೇರೆ ನೆಲವೇ ಇಲ್ಲದ ರೈತನೊಬ್ಬನನ್ನೇ ದೂರುವುದು ಸರಿಯಲ್ಲ.

ನೆರೆಯ ಆಮಡೆಯಲ್ಲಿ ಹೊಸ ಊರನ್ನು ನಿರ್ಮಿಸಿ, 2017ರ ಏಪ್ರಿಲ್ 2ರಂದು ಮನೆಗಳನ್ನು ಹಸ್ತಾಂತರಿಸಲಾಯಿತು. ಅದೇ ವರ್ಷದ ಮೊದಲ ಮಳೆಗೇ ಅಲ್ಲಿನ ರಸ್ತೆಗಳು ಬಿರುಕುಬಿಟ್ಟವು. ಹೊಸದಾಗಿ ಹಾಕಿದ ಮಣ್ಣು ಗಟ್ಟಿಯಾಗಲು ಕಾಲ ಬೇಕು. ನೀರು ಹರಿದುಹೋಗಲು ದಾರಿಯೂ ಬೇಕು.

ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯು 2014ರಿಂದ ಭೂಕುಸಿತ ಸಂಭವನೀಯ ಪ್ರದೇಶಗಳ ನಕ್ಷೆಗಳನ್ನು 1:50,000 ಪ್ರಮಾಣದಲ್ಲಿ ಸಿದ್ಧಪಡಿಸಿದೆ. ಈ ಪ್ರಮಾಣದಲ್ಲಿ ನೂರು ಮೀಟರ್ ಉದ್ದದ ವಾಡಿಯು ಎರಡೇ ಮಿಲಿಮೀಟರ್ ಆಗುತ್ತದೆ! 2023ರ ಜುಲೈ 19ರ ರಾತ್ರಿ ಗುಡ್ಡ ಕುಸಿದ ರಾಯಗಡ ಜಿಲ್ಲೆಯ ಇರ್ಶಾಳವಾಡಿಯ ಹೆಸರು ಅಪಾಯದ ಊರುಗಳ ಪಟ್ಟಿಯಲ್ಲಿಯೇ ಇರಲಿಲ್ಲ. ಆದುದರಿಂದ ನಿವಾಸಿಗಳ ಕಣ್ಗಾವಲು ಅತ್ಯವಶ್ಯ.

2018ರ ಆಗಸ್ಟ್‌ನಲ್ಲಿ ಕುಸಿತಗಳನ್ನು ಕಂಡ ಕೊಡಗಿನವರಿಗೂ ಇದು ಅನ್ವಯಿಸುತ್ತದೆ. ಮನೆಯ ಮೇಲ್ಭಾಗದ ಇಳಿಜಾರಿನಲ್ಲಿ ಹೊಸ ಬಿರುಕು, ವಾಲುತ್ತಿರುವ ಮರ ಅಥವಾ ಕಂಬ, ಇದ್ದಕ್ಕಿದ್ದಂತೆ ಕೆಸರಾದ ಇಲ್ಲವೇ ಬತ್ತಿದ ಒರತೆ, ಮುಚ್ಚಲು ಬಾರದ ಬಾಗಿಲು—ಇವು ಕಂಡೊಡನೆ ಬೆಳಗಾಗಲೆಂದು ಕಾಯಬಾರದು. ಹಳ್ಳದ ಗುಂಟ ಇಳಿಯದೆ, ಇಳಿಜಾರಿನಿಂದ ಪಕ್ಕಕ್ಕೆ ಸರಿದು ಸುರಕ್ಷಿತವಾದ ನೆರೆಯೂರನ್ನು ಸೇರಬೇಕು. ಯಾವ ಊರಿನ ಯಾವ ಶಾಲೆಯಲ್ಲಿ ತಂಗುವುದೆಂಬುದನ್ನು ಎರಡೂ ಊರಿನವರು ಮಳೆಗಾಲಕ್ಕೆ ಮುನ್ನವೇ ನಿಶ್ಚಯಿಸಿಕೊಳ್ಳುವುದು ಒಳ್ಳೆಯದು. ತಹಸೀಲ್ದಾರರ ಕಚೇರಿಗೆ ಅಥವಾ ಜಿಲ್ಲಾ ತುರ್ತು ದೂರವಾಣಿ 1077ಕ್ಕೆ ವಿಷಯವನ್ನು ತಿಳಿಸಬಹುದು.