ಸೈರನ್ ನಿಂತ ಊರಲ್ಲಿ ಸಣ್ಣಜ್ಜನ ಜೊತೆ

ಬೆಂಗಳೂರಿನಲ್ಲಿ ಓದುವ ಗೆಳೆಯನೊಬ್ಬ ಹೋದ ತಿಂಗಳು ವಾಟ್ಸ್‌ಆ್ಯಪ್ ಸ್ಟೇಟಸ್ ಹಾಕಿದ್ದ. ದುಡ್ಡು ಕೊಟ್ಟು, ಗೈಡ್ ಹಿಂದೆ ನಡೆಯುತ್ತಾ ಹಳೆಯ ಪೇಟೆ ನೋಡುವ ‘ಹೆರಿಟೇಜ್ ವಾಕ್’ ಅದು. ಅಗಡಿಯ ನಮ್ಮ ಮನೆ ಕಟ್ಟೆಯ ಮೇಲೆ ಕೂತಿದ್ದ ಸಣ್ಣಜ್ಜನಿಗೆ ತೋರಿಸಿದೆ.

‘ನಡ್ಯಾಕ ರೊಕ್ಕ ಕೊಡ್ತಾರೇನೋ ತಮ್ಮಾ? ಬಾ, ನಾ ನಿನಗ ದಾವಣಗೆರಿ ತೋರಸ್ತೀನಿ. ಒಂದು ಚಾ ಕುಡಸು, ಸಾಕು’ ಎಂದ.

ನನಗೆ ನಗು ಬಂತು. ಮೂರು ವರ್ಷದಿಂದ ದಾವಣಗೆರೆಯಲ್ಲೇ ಮೆಕ್ಯಾನಿಕಲ್ ಬಿಇ ಓದುತ್ತಿರುವವನು ನಾನು. ಯಾವ ಹೋಟೆಲಿನ ಬೆಣ್ಣೆ ದೋಸೆ ಚೆನ್ನಾಗಿರುತ್ತದೆ ಎಂಬುದೂ ಗೊತ್ತು. ಇವನೇನು ತೋರಿಸಿಯಾನು? ಆದರೂ ಒಂದು ಭಾನುವಾರ ಇಬ್ಬರೂ ಹಾವೇರಿಯಲ್ಲಿ ರೈಲು ಹತ್ತಿದೆವು.

ಬ್ಯಾಡಗಿ, ರಾಣೆಬೆನ್ನೂರು ದಾಟಿ ರೈಲು ತುಂಗಭದ್ರೆಯ ಸೇತುವೆ ಮೇಲೆ ಬಂತು. ‘1956ರ ಮೊದಲು ಈ ದಂಡಿ ಮುಂಬಯಿ ರಾಜ್ಯ, ಆ ದಂಡಿ ಮೈಸೂರು. ಆದ್ರ ಹತ್ತಿಗೆ ಯಾವ ಗಡಿ?’ ಎಂದ ಸಣ್ಣಜ್ಜ. ಆಚೆ ದಂಡೆಯ ಹರಿಹರ ಕಂಡಾಗ ನನಗೆ ನಮ್ಮ ವರ್ಕ್‌ಶಾಪಿನ ಹಳೆಯ ಲೇತ್ ನೆನಪಾಯಿತು. ಅದರ ಮೈಮೇಲೆ ‘ಮೈಸೂರು ಕಿರ್ಲೋಸ್ಕರ್, ಹರಿಹರ’ ಎಂದಿದೆ. 1941ರಲ್ಲಿ ಶುರುವಾದ ಆ ಕಾರ್ಖಾನೆ ಮುಚ್ಚಿದಾಗ ನಾನಿನ್ನೂ ಹುಟ್ಟಿರಲಿಲ್ಲ. ಲೇತ್ ಮಾತ್ರ ಇವತ್ತಿಗೂ ತಿರುಗುತ್ತಿದೆ.

ದಾವಣಗೆರೆ ಸ್ಟೇಷನ್ನಿನಿಂದ ನಮ್ಮ ನಡಿಗೆ ಆರಂಭವಾಯಿತು. ಅಶೋಕ ರಸ್ತೆಯ ರೈಲ್ವೆ ಗೇಟ್ ದಾಟಿ, ಗಡಿಯಾರ ಕಂಬದ ಹತ್ತಿರ ಸಣ್ಣಜ್ಜ ನಿಂತ. ‘ಆಗ ಈ ಗಡಿಯಾರ ಯಾರು ನೋಡ್ತಿದ್ರು? ಮಿಲ್ಲಿನ ಸೈರನ್ ಕೂಗಿದ್ರ ಊರಿಗೆಲ್ಲ ಟೈಮ್ ಗೊತ್ತಾಕ್ಕಿತ್ತು.’

ರಾಜನಹಳ್ಳಿ ಹನುಮಂತಪ್ಪನವರು ಇಲ್ಲಿ ಮೊದಲ ಹತ್ತಿ ಗಿರಣಿ ಕಟ್ಟಿದರು. ಸುತ್ತ ಹತ್ತಿ ಬೆಳೆಯುವ ನೆಲ, ನಡುವೆ ರೈಲು. ಚಂದ್ರೋದಯ, ಆಂಜನೇಯ, ಗಣೇಶ, ಶಂಕರ ಎಂದು ಒಂದರ ಹಿಂದೆ ಒಂದು ಮಿಲ್ ಎದ್ದವು. ಊರಿಗೆ ‘ಕರ್ನಾಟಕದ ಮ್ಯಾಂಚೆಸ್ಟರ್’ ಎಂಬ ಹೆಸರು ಬಂತು. ಸಣ್ಣಜ್ಜ ಹತ್ತೊಂಬತ್ತನೇ ವಯಸ್ಸಿಗೆ ಅಗಡಿ ಬಿಟ್ಟು ಬಂದು ಒಂದು ಮಿಲ್ಲಿನ ಸ್ಪಿನ್ನಿಂಗ್ ಖಾತೆ ಸೇರಿದ. ದಿನಕ್ಕೆ ಮೂರು ಪಾಳಿ. ರಾತ್ರಿ ಪಾಳಿ ಮುಗಿಸಿ ಬರುವವರ ಕೂದಲು, ಹುಬ್ಬೆಲ್ಲ ಹತ್ತಿ ಮೆತ್ತಿ ಬೆಳ್ಳಗಾಗಿರುತ್ತಿದ್ದವಂತೆ. ‘ಇಪ್ಪತ್ತಕ್ಕ ಮುದುಕ ಆಗಿದ್ದೆ ನೋಡು’ ಎಂದು ನಕ್ಕ.

ಮಂಡಿಪೇಟೆ, ಚೌಕಿಪೇಟೆಯ ಇಕ್ಕಟ್ಟಿನಲ್ಲಿ ಸಾಗಿ ಹಗೇದಿಬ್ಬ ಸರ್ಕಲ್‌ಗೆ ಬಂದೆವು. ಎಷ್ಟೋ ಸಲ ಬೈಕಿನಲ್ಲಿ ದಾಟಿದ ಜಾಗ. ಜೋಳ ತುಂಬಿಡುವ ಹಗೇವುಗಳಿದ್ದ ದಿಬ್ಬ ಎಂದು ಸಣ್ಣಜ್ಜ ಬಿಡಿಸಿ ಹೇಳುವವರೆಗೆ ಆ ಹೆಸರಿನ ಬಗ್ಗೆ ನಾನು ಯೋಚಿಸಿಯೇ ಇರಲಿಲ್ಲ. ಬಡಾವಣೆಗಳ ಹೆಸರಿನಲ್ಲೂ ಕಥೆಯಿದೆ. ಶೇಖರಪ್ಪ ನಗರ, ಸುರೇಶ ನಗರ ಎಂಬ ಹೆಸರು ಬಂದದ್ದು ಕಾರ್ಮಿಕ ಹೋರಾಟದಲ್ಲಿ ಜೀವ ತೆತ್ತವರಿಂದ. ಮಿಲ್ ಕಾರ್ಮಿಕರ ನಾಯಕ ಪಂಪಾಪತಿಯವರನ್ನು ಈ ಊರು 1978, 1983, 1985ರಲ್ಲಿ ಮೂರು ಸಲ ಶಾಸಕರನ್ನಾಗಿ ಕಳಿಸಿತ್ತು.

ಕೊನೆಗೆ ಸಣ್ಣಜ್ಜ ದುಡಿದ ಮಿಲ್ಲಿನ ಜಾಗಕ್ಕೆ ಹೋದೆವು. ಅಲ್ಲಿ ಮಿಲ್ ಇಲ್ಲ. ಸೈಟುಗಳು, ಹೊಸ ಮನೆಗಳು, ನಿಂತ ಕಾರುಗಳು. ‘ಗೇಟು ಇಲ್ಲೇ ಇತ್ತು’ ಎಂದು ಒಂದು ಬೇವಿನ ಗಿಡದ ಕೆಳಗೆ ನಿಂತ. ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಆಮೇಲೆ ಹೆಗಲ ಮೇಲಿನ ಟವೆಲಿನ ಅಂಚಿನಿಂದ ಒಂದು ನೂಲಿನ ಎಳೆ ಜಗ್ಗಿ, ಪಟ್ಟನೆ ಹರಿದ. ಎರಡು ತುದಿಗಳನ್ನು ಬೆರಳಲ್ಲಿ ಹೊಸೆದ. ಎಳೆ ಮತ್ತೆ ಒಂದಾಗಿತ್ತು. ನಾನು ನಾಲ್ಕು ಸಲ ಪ್ರಯತ್ನಿಸಿದೆ, ಆಗಲಿಲ್ಲ. ‘ಒಂದು ಫ್ರೇಮಿನ್ಯಾಗ ನೂರಾರು ಎಳಿ. ಹರದದ್ದು ಕಣ್ಣಿಗೆ ಕಾಣೂದ್ರಾಗ ಕೈ ಕೂಡಿಸಿರಬೇಕು’ ಎಂದ. ಮಿಲ್ ಮುಚ್ಚಿ ಮೂವತ್ತು ವರ್ಷ ದಾಟಿದೆ. ಬೆರಳು ಮರೆತಿಲ್ಲ.

ಹಳೆಯ ಯಂತ್ರಗಳು, ಕರೆಂಟಿನ ಕೊರತೆ, ಪವರ್‌ಲೂಮ್ ಬಟ್ಟೆಯ ಪೈಪೋಟಿ ಎಲ್ಲ ಸೇರಿ ಗಿರಣಿಗಳನ್ನು ನುಂಗಿದವು. ಸಣ್ಣಜ್ಜ ಬಾಕಿ ಹಣಕ್ಕೆ ವರ್ಷಗಟ್ಟಲೆ ಅಲೆದ. ಸ್ವಲ್ಪ ದಿನ ಮಂಡಕ್ಕಿ ಭಟ್ಟಿಯಲ್ಲಿ ದುಡಿದ. ಕಾದ ಮರಳಿನಲ್ಲಿ ಅಕ್ಕಿ ಅರಳಿಸುವ ಆ ಬಿಸಿಯಲ್ಲಿ ನಿಲ್ಲಲಾರದೆ ಊರಿಗೆ ಮರಳಿ ಬೇರೆಯವರ ಹೊಲದಲ್ಲಿ ಹತ್ತಿ ಬಿಡಿಸಿದ. ನೂಲು ತೆಗೆದವನು ಮತ್ತೆ ಹತ್ತಿಗೇ ಬಂದ.

ಚಹಾದ ಜೊತೆ ಖಾರ ಮಂಡಕ್ಕಿ, ಮಿರ್ಚಿ ತಿನ್ನುವಾಗ ನನ್ನೊಳಗಿನ ಭಯ ಹೊರಗೆ ಬಂತು. ಮುಂದಿನ ವರ್ಷ ಪ್ಲೇಸ್‌ಮೆಂಟ್. ಮೆಕ್ಯಾನಿಕಲ್‌ನವರಿಗೆ ಕೆಲಸ ಕಡಿಮೆ, ಕೋಡಿಂಗ್ ಕಲಿ ಅಂತಾರೆ ಸೀನಿಯರ್‌ಗಳು. ಕಲಿತ ಕೋಡಿಂಗನ್ನು ಎಐ ನುಂಗುತ್ತದೆ ಅಂತಾರೆ ಇನ್ನು ಕೆಲವರು. ‘ಏನು ಮಾಡ್ಲಿ ಸಣ್ಣಜ್ಜಾ?’

‘ನನಗೆ ಆ ಎಐ ಪೈಐ ಗೊತ್ತಿಲ್ಲ. ನನಗ ಒಂದ ಮಷಿನ್ ಬರ್ತಿತ್ತು. ಅದು ನಿಂತ ಮ್ಯಾಲೆ ನಾನೂ ನಿಂತೆ. ಬಾಜೂ ಫ್ರೇಮಿನವ ಪಾಳಿ ಮುಗಿದ ಮ್ಯಾಲೆ ಫಿಟ್ಟರ್ ಹಿಂದ ತಿರುಗಿ ರಿಪೇರಿ ಕಲತಿದ್ದ. ಅಂವ ಮರುದಿನಾನ ಬೇರೆ ಕಡೆ ಕೆಲಸಕ್ಕ ಹೋದ. ನೀ ಮಷಿನ್ ನಡಸೂದಷ್ಟ ಕಲೀಬ್ಯಾಡ. ಅದು ಯಾಕ ನಡಿತದ ಅನ್ನೂದು ಕಲಿ.’

ಮೂರು ವರ್ಷದ ಯಾವ ಕ್ಲಾಸಿನಲ್ಲೂ ಈ ಮಾತು ನನಗೆ ಇಷ್ಟು ನೇರವಾಗಿ ನಾಟಿರಲಿಲ್ಲ.

ಮಿಲ್ಲುಗಳ ಇನ್ನೊಂದು ಊರು ಅಹಮದಾಬಾದ್. ಅಲ್ಲಿ ಗೈಡ್ ಜೊತೆಗಿನ ಪಾರಂಪರಿಕ ನಡಿಗೆ ಶುರುವಾದದ್ದು 1997ರಲ್ಲಿ. ದಾವಣಗೆರೆ ಜಿಲ್ಲೆಯಾದದ್ದೂ ಅದೇ ವರ್ಷ. ನಮ್ಮಲ್ಲೂ ಅಂಥದ್ದೊಂದು ಯಾಕಾಗಬಾರದು? ಗೇಟು ಎಲ್ಲಿತ್ತು ಎಂದು ತೋರಿಸಬಲ್ಲ ಹಿರಿಯರು ಇನ್ನೂ ನಮ್ಮ ಓಣಿಗಳಲ್ಲಿದ್ದಾರೆ. ಅವರೇ ಗೈಡ್. ನಮ್ಮ ಕೈಯಲ್ಲಿ ಮೊಬೈಲ್ ಇದೆ, ರೆಕಾರ್ಡ್ ಮಾಡಿಕೊಳ್ಳಬಹುದು. ತಡಮಾಡಿದರೆ ಬೇವಿನ ಗಿಡ ಮಾತ್ರ ಉಳಿಯುತ್ತದೆ.

ವಾಪಸು ರೈಲಿನಲ್ಲಿ ಸಣ್ಣಜ್ಜ ನಿದ್ದೆಹೋದ. ನಾನು ಅವನ ಟವೆಲಿನಿಂದ ಮೆಲ್ಲಗೆ ಒಂದು ಎಳೆ ಜಗ್ಗಿ, ಹರಿದು, ಹೊಸೆಯುತ್ತಾ ಕೂತೆ. ರಾಣೆಬೆನ್ನೂರು ಬರುವ ಹೊತ್ತಿಗೆ ಒಂದು ಸಲ ಕೂಡಿತು.