ಸರ್ಕಾರದ ಪರ ನಿಂತರೂ ಸ್ವಂತ ವಿವೇಚನೆ ಬೇಕು

2000ದ ಜುಲೈ 30ರ ರಾತ್ರಿ ಗಾಜನೂರಿನಿಂದ ಡಾ. ರಾಜ್‌ಕುಮಾರ್ ಅವರನ್ನು ವೀರಪ್ಪನ್ ಅಪಹರಿಸಿದಾಗ ನಾಡಿಗೆ ನಾಡೇ ತಲ್ಲಣಿಸಿತ್ತು. ಜೈಲಿನಲ್ಲಿದ್ದ ಸಹಚರರ ಬಿಡುಗಡೆ ಅವನ ಬೇಡಿಕೆಗಳಲ್ಲೊಂದು. ಅವರ ಮೇಲಿನ ಟಾಡಾ (ಭಯೋತ್ಪಾದನೆ ತಡೆ ಕಾಯ್ದೆ) ಆರೋಪ ಹಿಂಪಡೆಯಲು ಮೈಸೂರಿನ ವಿಶೇಷ ನ್ಯಾಯಾಲಯಕ್ಕೆ ಸರ್ಕಾರಿ ಅಭಿಯೋಜಕರ ಅರ್ಜಿ ಹೋಯಿತು, ಒಪ್ಪಿಗೆಯೂ ಸಿಕ್ಕಿತು. 1992ರಲ್ಲಿ ವೀರಪ್ಪನ್ ತಂಡದ ದಾಳಿಗೆ ಬಲಿಯಾಗಿದ್ದ ಸಬ್ ಇನ್‌ಸ್ಪೆಕ್ಟರ್ ಶಕೀಲ್ ಅಹಮದ್ ಅವರ ತಂದೆ ಅಬ್ದುಲ್ ಕರೀಂ ಸುಪ್ರೀಂ ಕೋರ್ಟ್ ಮೆಟ್ಟಿಲೇರಿದರು.

ನವೆಂಬರ್‌ನಲ್ಲಿ ಆ ಒಪ್ಪಿಗೆ ರದ್ದಾಯಿತು. ಸರ್ಕಾರ ಸಲಹೆ ಕೊಡಬಹುದು. ಕಡತ ಓದಿ, ಸ್ವಂತ ವಿವೇಚನೆಯಿಂದ ತೀರ್ಮಾನಿಸಬೇಕಾದವರು ಅಭಿಯೋಜಕರೇ ಎಂದಿತು ಸುಪ್ರೀಂ ಕೋರ್ಟ್. ಅಭಿಯೋಜನಾ ಸೇವೆಯ ಹಿರಿಯ ಹುದ್ದೆಗಳ ತೂಕ ಇರುವುದೇ ಇಲ್ಲಿ.

ಒಂದು ಕಾಲದಲ್ಲಿ ಮ್ಯಾಜಿಸ್ಟ್ರೇಟ್ ಕೋರ್ಟುಗಳಲ್ಲಿ ಪೊಲೀಸ್ ಅಧಿಕಾರಿಗಳೇ ವಾದ ಮಂಡಿಸುತ್ತಿದ್ದರು. 1973ರ ದಂಡ ಪ್ರಕ್ರಿಯಾ ಸಂಹಿತೆ ತನಿಖೆಯನ್ನೂ ಅಭಿಯೋಜನೆಯನ್ನೂ ಬೇರ್ಪಡಿಸಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಯಾರ ಕೆಲಸ ಯಾವುದು ಎಂಬುದನ್ನು ಇನ್ನಷ್ಟು ಬಿಡಿಸಿ ಹೇಳಿದೆ.

ಅಭಿಯೋಜನಾ ನಿರ್ದೇಶಕರಾಗಲು ಕನಿಷ್ಠ 15 ವರ್ಷ ವಕೀಲಿ ಮಾಡಿರಬೇಕು, ಇಲ್ಲವೇ ಸೆಷನ್ಸ್ ನ್ಯಾಯಾಧೀಶರಾಗಿರಬೇಕು. 10 ವರ್ಷ ಅಥವಾ ಅದಕ್ಕಿಂತ ಹೆಚ್ಚಿನ ಶಿಕ್ಷೆ, ಜೀವಾವಧಿ, ಮರಣದಂಡನೆಯ ಪ್ರಕರಣಗಳ ಮೇಲ್ವಿಚಾರಣೆ ಅವರದು. ಮೇಲ್ಮನವಿ ಹೋಗಬೇಕೇ ಎಂಬ ಅಭಿಪ್ರಾಯ ಕೊಡುವವರೂ ಅವರೇ. 7ರಿಂದ 10 ವರ್ಷದೊಳಗಿನವು ಉಪ ನಿರ್ದೇಶಕರಿಗೆ, ಅದಕ್ಕೂ ಕೆಳಗಿನವು ಸಹಾಯಕ ನಿರ್ದೇಶಕರಿಗೆ.

ಪೊಲೀಸರ ದೋಷಾರೋಪ ಪಟ್ಟಿಯ ಪರಿಶೀಲನೆ ಕಣ್ಣಿಗೆ ಬೀಳದ ಕೆಲಸ. ಜಪ್ತಿ ಮಹಜರಿಗೆ ಪಂಚರ ಸಹಿ ಇದೆಯೇ? ಮೊಹರು ಹಾಕಿದ ವಸ್ತು ವಿಧಿವಿಜ್ಞಾನ ಪ್ರಯೋಗಾಲಯ (ಎಫ್‌ಎಸ್‌ಎಲ್) ತಲುಪುವವರೆಗೆ ಯಾರ ವಶದಲ್ಲಿತ್ತು? ಇಂಥ ಲೋಪ ಮೊದಲೇ ಸಿಕ್ಕಿದರೆ ಸರಿಪಡಿಸಬಹುದು. ಪಾಟೀ ಸವಾಲಿನಲ್ಲಿ ಸಿಕ್ಕಿಬಿದ್ದರೆ ಆರೋಪಿಗೆ ಅದೇ ಖುಲಾಸೆಯ ದಾರಿ.

ಇನ್ನು ವಿಶೇಷ ಅಭಿಯೋಜಕರು. ಈ ಹುದ್ದೆಗೆ ಕನಿಷ್ಠ 10 ವರ್ಷದ ವಕೀಲಿ ಬೇಕು. ಕರ್ನಾಟಕಕ್ಕೆ ಇದರ ಮಹತ್ವ ಮನವರಿಕೆಯಾದದ್ದು ಚೆನ್ನೈನಿಂದ ಬೆಂಗಳೂರಿಗೆ ವರ್ಗವಾದ ಜಯಲಲಿತಾ ಅಕ್ರಮ ಆಸ್ತಿ ಪ್ರಕರಣದಲ್ಲಿ. ರಾಜ್ಯದ ಅಡ್ವೊಕೇಟ್ ಜನರಲ್ ಆಗಿ ಐದು ಬಾರಿ ದುಡಿದಿದ್ದ ಬಿ.ವಿ. ಆಚಾರ್ಯ ಈ ಮೊಕದ್ದಮೆಯ ಹೊಣೆ ಹೊತ್ತು, 2012ರಲ್ಲಿ ರಾಜೀನಾಮೆ ಕೊಟ್ಟಿದ್ದರು. ಶಿಕ್ಷೆಗೊಳಗಾದ ಜಯಲಲಿತಾ ಮತ್ತು ಇತರ ಮೂವರು ಹೈಕೋರ್ಟ್‌ಗೆ ಸಲ್ಲಿಸಿದ ಮೇಲ್ಮನವಿಯಲ್ಲಿ ವಾದಿಸಿದ್ದ ಅಭಿಯೋಜಕರಿಗೆ ಆ ಅಧಿಕಾರವೇ ಇರಲಿಲ್ಲ ಎಂದು 2015ರ ಏಪ್ರಿಲ್ 27ರಂದು ಸುಪ್ರೀಂ ಕೋರ್ಟ್ ಹೇಳಿತು. ಮತ್ತೆ ನೇಮಕಗೊಂಡ ಆಚಾರ್ಯ ಮರುದಿನವೇ ಲಿಖಿತ ವಾದ ಸಲ್ಲಿಸಿದರು. ಮೇ 11ರಂದು ಹೈಕೋರ್ಟ್ ಎಲ್ಲರನ್ನೂ ಖುಲಾಸೆಗೊಳಿಸಿದಾಗ, ಮೇಲ್ಮನವಿ ಹೋಗಲೇಬೇಕೆಂದು ಸಲಹೆ ಕೊಟ್ಟರು. 2017ರ ಫೆಬ್ರುವರಿ 14ರಂದು ಸುಪ್ರೀಂ ಕೋರ್ಟ್ ಖುಲಾಸೆಯನ್ನು ತಳ್ಳಿಹಾಕಿತು. ಅಷ್ಟರಲ್ಲಿ ಜಯಲಲಿತಾ ನಿಧನರಾಗಿದ್ದರು. ಉಳಿದ ಮೂವರು ಜೈಲಿಗೆ ಹೋದರು.

ಹೊಸ ಸಂಹಿತೆಯಲ್ಲಿ ಒಳ್ಳೆಯದೂ ಇದೆ, ಕೊರತೆಯೂ ಇದೆ. ಸಂತ್ರಸ್ತರ ಮಾತು ಕೇಳದೆ ಮೊಕದ್ದಮೆ ಹಿಂಪಡೆಯಲು ನ್ಯಾಯಾಲಯ ಈಗ ಒಪ್ಪುವಂತಿಲ್ಲ. ಆದರೆ ನಿರ್ದೇಶಕರ ನೇಮಕಕ್ಕೆ ಹಿಂದೆ ಬೇಕಿದ್ದ ಹೈಕೋರ್ಟ್ ಮುಖ್ಯ ನ್ಯಾಯಮೂರ್ತಿಗಳ ಸಮ್ಮತಿಯನ್ನು ಕೈಬಿಡಲಾಗಿದೆ. ಸರ್ಕಾರಕ್ಕೆ ಬೇಡ ಎನ್ನಬೇಕಾದ ಹುದ್ದೆಗೆ ಸರ್ಕಾರವೊಂದೇ ಆಯ್ಕೆ ಮಾಡುವುದು ಸರಿಯಲ್ಲ. ಆ ಸಮ್ಮತಿಯ ನಿಯಮ ಮತ್ತೆ ಬರಬೇಕು.